ಕೆರೆಗೂ ಒಂದು ಹೊಸ್ತಿಲು ಬೇಡವೇ?



ಹೊರಗಿನಿಂದ ಬಂದವರು ಚಪ್ಪಲಿ ಬಿಡದೆ, ಕಾಲು ತೊಳೆಯದೆ ನೇರವಾಗಿ ಅಡುಗೆ ಮನೆಗೆ ನುಗ್ಗಿದರೆ ನೀವು ಸುಮ್ಮನಿರುತ್ತೀರಾ? ಖಂಡಿತ ಇಲ್ಲ. ಮಳೆಗಾಲದಲ್ಲಂತೂ ಬಾಗಿಲಿಗೆ ಗೋಣಿಚೀಲ ಹಾಸಿ, ಪಕ್ಕದಲ್ಲೊಂದು ಬಕೆಟ್ ನೀರಿಟ್ಟು, ಮಕ್ಕಳನ್ನು ಗದರಿಸಿಯಾದರೂ ಕಾಲು ತೊಳೆಸಿಯೇ ಒಳಗೆ ಬಿಡುತ್ತೀರಿ. ಕೆಸರು ಒಳಗೆ ಬಂದರೆ ಮನೆಯಿಡೀ ಒರೆಸಬೇಕು, ಹೊಸ್ತಿಲಲ್ಲೇ ತಡೆದರೆ ಒಂದು ಚೊಂಬು ನೀರು ಸಾಕು. ಮನೆ ನಡೆಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ತಿಂಗಳು ಇದೇ ಮಾತನ್ನು ನಮ್ಮ ಊರಿನ ಕೆರೆಗಳಿಗೆ ಅನ್ವಯಿಸಿ ನೋಡೋಣ. ಊರಿನ ರಸ್ತೆ, ಮೋರಿ, ಗ್ಯಾರೇಜು, ಸಂತೆಮಾಳಗಳನ್ನೆಲ್ಲ ತೊಳೆದುಕೊಂಡು ಬರುವ ನೀರು ಕೆರೆಯೊಳಗೆ ನುಗ್ಗುವ ಜಾಗದಲ್ಲಿ ಯಾವ ಹೊಸ್ತಿಲಿದೆ? ಎಷ್ಟೋ ಕೆರೆಗಳಲ್ಲಿ ಏನೂ ಇಲ್ಲ. ಏರಿಯ ಮೇಲೆ ನಡೆದಾಡುವ ಹಾದಿಯಿದೆ, ಕಲ್ಲುಬೆಂಚಿದೆ, ಬಣ್ಣ ಬಳಿದ ಗೇಟಿದೆ. ನೀರು ಒಳಬರುವ ಬಾಯಿ ಮಾತ್ರ ತೆರೆದೇ ಬಿದ್ದಿದೆ.

ಮೋರಿಯಿಂದ ಮುಂದೆ ಎಲ್ಲಿಗೆ?

ಏಳನೆಯ ತರಗತಿಯ ಮಕ್ಕಳಲ್ಲಿ ಒಮ್ಮೆ ಕೇಳಿದೆ: "ನಿಮ್ಮ ಮನೆಯಲ್ಲಿ ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ?" "ಮೋರಿಗೆ" ಎಂದರು. "ಮೋರಿಯಿಂದ?" "ದೊಡ್ಡ ಮೋರಿಗೆ." "ಅಲ್ಲಿಂದ?" ತರಗತಿ ಮೌನವಾಯಿತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು "ಮುನಿಸಿಪಾಲ್ಟಿಗೆ" ಎಂದಳು. ಎಲ್ಲರೂ ನಕ್ಕರು. ಆದರೆ ಆ ಮಗು ಹೇಳಿದ್ದರಲ್ಲಿ ನಗುವಂಥದ್ದೇನೂ ಇರಲಿಲ್ಲ. ದೊಡ್ಡವರಾದ ನಮ್ಮಲ್ಲಿ ಅನೇಕರು ನಂಬಿರುವುದೂ ಅದನ್ನೇ ಅಲ್ಲವೇ? ಮೋರಿ ದಾಟಿದ ನೀರು ಮುನಿಸಿಪಾಲ್ಟಿಯವರ ತಲೆನೋವು, ನಮ್ಮದಲ್ಲ!

ನಿಜವಾದ ಉತ್ತರ ಬೇರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳು ಸೇರಿ ಬೆಂಗಳೂರು ಗ್ರಾಮಾಂತರ ಜಿಲ್ಲೆ. (ಇದಕ್ಕೆ ಬೆಂಗಳೂರು ಉತ್ತರ ಎಂದು ಹೆಸರಿಡಲು 2025ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು.) ಇಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ. ಆದ್ದರಿಂದ ಹಿಂದಿನವರು ಇಳಿಜಾರು ನೋಡಿ ಏರಿ ಕಟ್ಟಿ ಕೆರೆಗಳ ಸರಪಳಿಯನ್ನೇ ಮಾಡಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಈ ದೊಡ್ಡ ಕಾಲುವೆಗಳನ್ನೇ ನಾವು ರಾಜಕಾಲುವೆ ಎನ್ನುವುದು. ಮಳೆಯ ನೀರಿಗೆಂದು ಬಿಟ್ಟ ಹಾದಿ ಅದು. ಇಂದು ನಮ್ಮ ಮನೆಗಳ ಮೋರಿ ಸೇರುವುದೂ ಬಹುಪಾಲು ಅದನ್ನೇ. ಮೋರಿಯ ಕೊನೆ ಕೆರೆ. ಆ ಮಗುವಿಗೆ ಹೇಳಬೇಕಾದ ಉತ್ತರ ಇಷ್ಟೇ.

ಈ ಕೆರೆಗಳ ಋಣ ಸಣ್ಣದಲ್ಲ. ನಂದಿ ಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ ಸೀಮೆಯ ಕೆರೆಗಳನ್ನು ಹಾದು ಹೆಸರಘಟ್ಟಕ್ಕೆ ಬರುತ್ತದೆ. 1894ರಲ್ಲಿ ಬೆಂಗಳೂರಿಗೆ ಮೊದಲ ಕೊಳವೆ ನೀರು ಹೋದದ್ದು ಆ ಹೆಸರಘಟ್ಟದ ಕೆರೆಯಿಂದ. ನೆಲಮಂಗಲದ ಶಿವಗಂಗೆ ಬೆಟ್ಟದಿಂದ ಇಳಿಯುವ ಕುಮುದ್ವತಿ ಅರ್ಕಾವತಿಯನ್ನು ಸೇರುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿ, 1933ರಿಂದ ನಗರಕ್ಕೆ ನೀರು ಕೊಟ್ಟರು. ನೀರಿನ ಒಳಹರಿವು ಕಡಿಮೆಯಾಗಿ, ಬಂದ ನೀರೂ ಕೆಟ್ಟು, 2012ರ ಸುಮಾರಿಗೆ ಅಲ್ಲಿಂದ ಕುಡಿಯುವ ನೀರು ಎತ್ತುವುದನ್ನೇ ನಿಲ್ಲಿಸಬೇಕಾಯಿತು. ಮುಕ್ಕಾಲು ಶತಮಾನ ಒಂದು ನಗರದ ಬಾಯಾರಿಕೆ ತೀರಿಸಿದ ನೀರಿನ ಗತಿ ಇದು. ಇತ್ತ ಬೆಂಗಳೂರಿನ ಹೆಬ್ಬಾಳ ಕಣಿವೆಯ ನೀರು ಎಲೆಮಲ್ಲಪ್ಪ ಶೆಟ್ಟಿ ಕೆರೆಯನ್ನು ದಾಟಿ ಹೊಸಕೋಟೆಯ ಕಡೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಮೇಲಿನವರು ಚೆಲ್ಲಿದ್ದು ಕೆಳಗಿನವರ ಪಾಲು.

ಹಳೆಯ ಕೆರೆಗೆ ಹೊಸ್ತಿಲಿತ್ತು

ವಯಸ್ಸಾದವರನ್ನು ಕೇಳಿ ನೋಡಿ. ಹಳೆಯ ಕೆರೆಗಳು ಏರಿಯ ಕಡೆ ಆಳ, ಕಾಲುವೆ ಬಂದು ಸೇರುವ ಕಡೆ ತೆಳು. ಆ ತೆಳುನೀರಿನಲ್ಲಿ ಆಳೆತ್ತರದ ಜೊಂಡು ಬೆಳೆಯುತ್ತಿತ್ತು. ಹೆಂಗಸರು ಅದನ್ನು ಕೊಯ್ದು ಚಾಪೆ ಹೆಣೆಯುತ್ತಿದ್ದರು, ದನಗಳು ಅಂಚಿನ ಹುಲ್ಲು ಮೇಯುತ್ತಿದ್ದವು. ನೀರುಕೋಳಿಗಳು ಗೂಡು ಕಟ್ಟುತ್ತಿದ್ದವು. ಮಳೆಯ ಕೆಂಪು ನೀರು ರಭಸದಿಂದ ಬಂದು ಈ ಜೊಂಡಿಗೆ ಬಡಿದು, ಸುಸ್ತಾಗಿ, ಮಣ್ಣನ್ನು ಅಲ್ಲೇ ಇಳಿಸಿ, ನಿಧಾನವಾಗಿ ಒಳಗೆ ಹೋಗುತ್ತಿತ್ತು. ಯಾವ ಎಂಜಿನಿಯರೂ ಕಟ್ಟದ ಹೊಸ್ತಿಲು ಅದು.

ಆಮೇಲೆ ಕೆರೆ ಅಭಿವೃದ್ಧಿಯ ಕಾಲ ಬಂತು. ಜೇಸಿಬಿ ಇಳಿಸಿ, ಜೊಂಡನ್ನು ಕಳೆಯೆಂದು ಕಿತ್ತು, ತೆಳುಭಾಗವನ್ನೂ ಅಗೆದು, ಸುತ್ತ ಏರಿ ಎಬ್ಬಿಸಿ ಕೆರೆಯನ್ನು ಒಂದು ಬೋಗುಣಿಯಂತೆ ಮಾಡಿದರು. ನೋಡಲು ಚೆಂದವಾಯಿತು. ಆದರೆ ಹೊಸ್ತಿಲು ಹೋಯಿತು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ನೀರು ಹಸಿರಾಗಿ, ಅಂತರಗಂಗೆ ಹಬ್ಬಿ, ಮೀನು ಸತ್ತು ತೇಲಿ, ಖರ್ಚು ಮಾಡಿದ ಹಣ ಎಲ್ಲಿ ಹೋಯಿತೆಂದು ಜನ ಕೇಳುವಂತಾಯಿತು.

ಈಗ ತಿಳಿದವರು ಹೇಳುತ್ತಿರುವುದು, ಆ ಕಳೆದುಹೋದ ಹೊಸ್ತಿಲನ್ನು ಲೆಕ್ಕ ಹಾಕಿ ಮತ್ತೆ ಕಟ್ಟಿ ಎಂದು. ಇದಕ್ಕೆ ಕಟ್ಟಿದ ಜೌಗು ಅಥವಾ ನಿರ್ಮಿತ ಜೌಗು ಎನ್ನುತ್ತಾರೆ. ನಾವು ಸುಲಭವಾಗಿ ಜೊಂಡಿನ ಪಾತಿ ಎನ್ನೋಣ.

ಜೊಂಡು ಮಾಡುವ ಕೆಲಸ

ಇದರ ಕೆಲಸ ಮೂರು ಹಂತದ್ದು. ಮೊದಲು, ಕಾಲುವೆಯ ಬಾಯಿಯಲ್ಲಿ ಕಬ್ಬಿಣದ ಜಾಲರಿ. ಪ್ಲಾಸ್ಟಿಕ್, ಬಾಟಲಿ, ಹರಿದ ಚಪ್ಪಲಿ ಅಲ್ಲೇ ನಿಲ್ಲುತ್ತವೆ. ಅದರ ಹಿಂದೆ ಆಳವಾದ ಹೂಳುಗುಂಡಿ. ನೀರು ಇಲ್ಲಿ ನಿಂತು ಮರಳು, ಮಣ್ಣನ್ನು ತಳಕ್ಕೆ ಬಿಡುತ್ತದೆ. ಅಕ್ಕಿ ತೊಳೆದ ನೀರನ್ನು ಸ್ವಲ್ಪ ಹೊತ್ತು ಬಿಟ್ಟರೆ ಅಡಿಯಲ್ಲಿ ಬಿಳಿ ಕೂರುತ್ತದಲ್ಲ, ಹಾಗೆ. ಮೂರನೆಯದು ಜೊಂಡಿನ ಪಾತಿ. ಮೊಣಕಾಲುದ್ದಕ್ಕೂ ಕಡಿಮೆ ನೀರಿನಲ್ಲಿ ಒತ್ತಾಗಿ ಬೆಳೆದ ಜೊಂಡು, ಲಾಳದ ಕಡ್ಡಿ, ಬಜೆ, ಕೆಸವಿನಂಥ ಗಿಡಗಳು. ನೀರು ಇದರ ನಡುವೆ ಗಂಟೆಗಟ್ಟಲೆ, ಸಾಧ್ಯವಾದರೆ ದಿನಗಟ್ಟಲೆ ತೆವಳಬೇಕು.

ಇಲ್ಲಿ ನಿಜವಾದ ದುಡಿಮೆ ಗಿಡದ್ದಲ್ಲ, ಗಿಡದ ಬುಡದಲ್ಲಿರುವ ಕಣ್ಣಿಗೆ ಕಾಣದ ಜೀವಿಗಳದ್ದು. ಜೊಂಡಿನ ದಂಟನ್ನು ಮುರಿದು ನೋಡಿ, ಒಳಗೆ ಸ್ಪಂಜಿನಂತೆ ಗಾಳಿಗೂಡುಗಳಿರುತ್ತವೆ. ಆ ದಾರಿಯಲ್ಲಿ ಗಾಳಿ ಕೆಸರಿನೊಳಗಿನ ಬೇರಿನವರೆಗೆ ಇಳಿಯುತ್ತದೆ. ಬೇರಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಆ ಗಾಳಿಯನ್ನು ಉಸಿರಾಡಿ ಕೊಳೆಯನ್ನು ತಿನ್ನುತ್ತವೆ. ಮಲಮೂತ್ರದಿಂದ ಬಂದ ಅಮೋನಿಯಾವನ್ನು ಅವು ನೈಟ್ರೇಟ್ ಮಾಡುತ್ತವೆ. ಬೇರಿನಿಂದ ದೂರದ, ಗಾಳಿ ತಲುಪದ ಕೆಸರಿನಲ್ಲಿ ಬೇರೊಂದು ಜಾತಿಯ ಜೀವಿಗಳಿವೆ. ಅವು ಆ ನೈಟ್ರೇಟನ್ನು ಒಡೆದು ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಒಬ್ಬರು ತೊಳೆದರೆ ಇನ್ನೊಬ್ಬರು ಒರೆಸಿದಂತೆ! ಸೋಪಿನ ಪುಡಿ, ಗೊಬ್ಬರಗಳಿಂದ ಬರುವ ರಂಜಕವನ್ನು ಸ್ವಲ್ಪ ಮಣ್ಣು ಹಿಡಿದಿಡುತ್ತದೆ, ಸ್ವಲ್ಪ ಗಿಡ ಹೀರುತ್ತದೆ. ಕೆರೆ ಹಸಿರುಗಟ್ಟುವುದಕ್ಕೆ ಮುಖ್ಯ ಕಾರಣಗಳಲ್ಲಿ ಈ ರಂಜಕವೂ ಒಂದು.

ಈ ವಿಷಯವನ್ನು ಪ್ರಯೋಗ ಮಾಡಿ ಜಗತ್ತಿಗೆ ತೋರಿಸಿದವರಲ್ಲಿ ಮೊದಲಿಗರು ಒಬ್ಬ ಮಹಿಳೆ ಎಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳಲೇಬೇಕು. ಜರ್ಮನಿಯ ಪ್ಲ್ಯೋನ್ ಎಂಬ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದ ಕೇಟೆ ಝೈಡೆಲ್ 1950ರ ದಶಕದಲ್ಲಿ ಜೊಂಡಿನ ಜಾತಿಯ ಗಿಡಗಳನ್ನು ಕೊಳಚೆ ನೀರಿನಲ್ಲಿ ಬೆಳೆಸಿ ಪರೀಕ್ಷಿಸಿದರು. ಅಂದಿನ ಕೊಳಚೆ ಶುದ್ಧೀಕರಣದ ತಜ್ಞರಲ್ಲಿ ಹೆಚ್ಚಿನವರು ಇದನ್ನು ಒಪ್ಪಲಿಲ್ಲ. ಆದರೂ ಆಕೆ ಬಿಡಲಿಲ್ಲ. ಇಂದು ಎಷ್ಟೋ ದೇಶಗಳಲ್ಲಿ ಅದೇ ವಿಧಾನ ಬಳಕೆಯಲ್ಲಿದೆ.

ಮಳೆನೀರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮನೆಯ ಬಚ್ಚಲು ನೀರು ದಿನವೂ ಒಂದೇ ಸಮ ಬರುತ್ತದೆ, ಮಳೆನೀರು ಹಾಗಲ್ಲ. ತಿಂಗಳುಗಟ್ಟಲೆ ಸುಳಿವಿಲ್ಲದೆ ಒಂದು ಸಂಜೆ ಪ್ರವಾಹವಾಗಿ ಬರುತ್ತದೆ. ಬೇಸಿಗೆಯಿಡೀ ರಸ್ತೆಯಲ್ಲಿ ಕೂತ ಎಣ್ಣೆ, ಟೈರಿನ ಪುಡಿ, ಸಗಣಿ, ಕಸವನ್ನೆಲ್ಲ ಮೊದಲ ಮಳೆಯೇ ಹೊತ್ತು ತರುತ್ತದೆ. ಆ ಮೊದಲ ಕೊಳೆನೀರು ಪಾತಿಯೊಳಗೆ ಹೋಗಬೇಕು. ಆಮೇಲಿನ ರಭಸದ ಪ್ರವಾಹಕ್ಕೆ ಪಕ್ಕದಲ್ಲೊಂದು ಬೇರೆ ದಾರಿ ಬಿಟ್ಟಿರಬೇಕು. ಇಲ್ಲವಾದರೆ ಒಂದೇ ರಾತ್ರಿಯ ಮಳೆಗೆ ಪಾತಿ ಬುಡಸಮೇತ ಕೊಚ್ಚಿಹೋಗುತ್ತದೆ.

ಜಕ್ಕೂರು ಕಲಿಸಿದ ಪಾಠ

ಇದೆಲ್ಲ ಪುಸ್ತಕದ ಮಾತಾಯಿತು, ನಮ್ಮ ಕಡೆ ಎಲ್ಲಾದರೂ ಆಗಿದೆಯೇ ಎಂದು ನೀವು ಕೇಳಬಹುದು. ಆಗಿದೆ. ದೇವನಹಳ್ಳಿಯಿಂದ ಬೆಂಗಳೂರಿಗೆ ಹೋಗುವಾಗ ಯಲಹಂಕ ದಾಟಿದ ಮೇಲೆ ಜಕ್ಕೂರು ಸಿಗುತ್ತದೆ. ಅಲ್ಲಿಯ ನೂರು ಎಕರೆಗೂ ಮಿಕ್ಕ ಕೆರೆಯ ತಲೆಭಾಗದಲ್ಲಿ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ದಿನಕ್ಕೆ 1 ಕೋಟಿ ಲೀಟರ್ ನೀರಿಗೆಂದು ಕಟ್ಟಿದ ಘಟಕ ಅದು. ಅಲ್ಲಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಹತ್ತು ಎಕರೆಗೂ ಹೆಚ್ಚಿನ ಜೊಂಡಿನ ಜೌಗನ್ನು ಹಾದು ಕೆರೆಗೆ ಸೇರುವಂತೆ ಮಾಡಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಪರೀಕ್ಷಿಸಿದಾಗ, ಘಟಕದಿಂದ ಬಂದ ನೀರಿನಲ್ಲಿ ಉಳಿದಿದ್ದ ನೈಟ್ರೇಟ್, ರಂಜಕಗಳು ಜೌಗನ್ನು ದಾಟುವಷ್ಟರಲ್ಲಿ ಕಡಿಮೆಯಾಗಿದ್ದವು. ಅಲ್ಲಿ ಮೀನುಗಾರರಿಗೆ ಬದುಕಿದೆ, ಹಕ್ಕಿಗಳಿಗೆ ನೆಲೆಯಿದೆ.

ಆದರೆ ಜಕ್ಕೂರಿನ ಕಥೆಯನ್ನು ಪೂರ್ತಿಯಾಗಿ ಹೇಳಬೇಕು. ಘಟಕವನ್ನು ತಪ್ಪಿಸಿ ರಾಜಕಾಲುವೆಯಲ್ಲಿ ಹಸಿ ಕೊಳಚೆ ಬಂದು ಸೇರಿದ್ದೂ ಅಲ್ಲಿಯ ಅಧ್ಯಯನಗಳಲ್ಲಿ ದಾಖಲಾಗಿದೆ. ಎಷ್ಟೇ ಒಳ್ಳೆಯ ಹೊಸ್ತಿಲಿದ್ದರೂ ಹಿತ್ತಿಲ ಬಾಗಿಲು ತೆರೆದಿದ್ದರೆ ಏನು ಪ್ರಯೋಜನ? ಎರಡನೆಯದಾಗಿ, ಜೊಂಡನ್ನು ಕಾಲಕಾಲಕ್ಕೆ ಕೊಯ್ಯಬೇಕು. ಗಿಡ ಹೀರಿದ ಕೊಳೆ ಗಿಡದಲ್ಲೇ ಇರುತ್ತದೆ. ಕೊಯ್ದು ಹೊರಗೆ ಸಾಗಿಸದಿದ್ದರೆ ಅದು ಒಣಗಿ, ಬಿದ್ದು, ಕೊಳೆತು ಅದೇ ನೀರಿಗೆ ಮರಳುತ್ತದೆ. ಹೂಳುಗುಂಡಿಯ ಹೂಳನ್ನೂ ಹೀಗೆಯೇ ತೆಗೆಯಬೇಕು. ಕಟ್ಟಿದ ದಿನ ರಿಬ್ಬನ್ ಕತ್ತರಿಸಲು ಬಂದವರೆಲ್ಲ ಕೊಯ್ಯುವ ದಿನ ಬರುವುದಿಲ್ಲ. ಅದಕ್ಕೊಂದು ಹಣ, ಒಂದು ಆಳು, ಒಂದು ಹೊಣೆ ಮೊದಲೇ ಗೊತ್ತು ಮಾಡಿರಬೇಕು.

ಪಾತಿಗೆ ನೆಲವೇ ಇಲ್ಲದ ಕಡೆ ತೇಲುವ ತೆಪ್ಪಗಳ ಮೇಲೆ ಗಿಡ ಬೆಳೆಸುವ ಉಪಾಯವೂ ಇದೆ. ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿ 2018ರ ಫೆಬ್ರವರಿ 2ರಂದು, ವಿಶ್ವ ಜೌಗು ಪ್ರದೇಶ ದಿನ, ಇಂಥದ್ದನ್ನು ಇಳಿಸಿದರು. ಬೇರುಗಳು ನೀರಿನಲ್ಲಿ ನೇತಾಡುತ್ತ ಅದೇ ಕೆಲಸವನ್ನು ಮಾಡುತ್ತವೆ. ಆದರೆ ಕೆರೆಯ ಬಾಯಲ್ಲಿ ಜಾಗವಿರುವ ಊರುಗಳು ಮೊದಲು ಆ ಜಾಗವನ್ನು ಉಳಿಸಿಕೊಳ್ಳುವುದೇ ಜಾಣತನ.

ದೇವನಹಳ್ಳಿಯ ಸಿಹಿನೀರು

ಟಿಪ್ಪು ಸುಲ್ತಾನರು ಹುಟ್ಟಿದ ಊರೆಂದೂ, ಚಕ್ಕೋತದ ಊರೆಂದೂ ದೇವನಹಳ್ಳಿ ನಮಗೆಲ್ಲ ಗೊತ್ತು. ನೀರಿನ ವಿಷಯದಲ್ಲಿಯೂ ಈ ಊರಿನಿಂದ ಕಲಿಯುವುದಿದೆ. ಒಳಚರಂಡಿಯಿಲ್ಲದ ಊರುಗಳಲ್ಲಿ ಶೌಚಗುಂಡಿ ತುಂಬಿದಾಗ ಲಾರಿ ಬಂದು ಹೀರಿಕೊಂಡು ಹೋಗುತ್ತದೆ. ಆ ಲಾರಿ ಅದನ್ನು ಎಲ್ಲಿ ಸುರಿಯುತ್ತದೆಂದು ನಾವ್ಯಾರೂ ಕೇಳುವುದಿಲ್ಲ. ಹೊಲ, ಹಳ್ಳ, ಕಾಲುವೆ, ಎಲ್ಲಾದರೂ ಸರಿ. ದೇವನಹಳ್ಳಿಯಲ್ಲಿ 2015ರಲ್ಲಿ ಇದಕ್ಕೆಂದೇ ಒಂದು ಸಣ್ಣ ಘಟಕ ಆರಂಭವಾಯಿತು. ಇಡೀ ಪಟ್ಟಣಕ್ಕೆಂದು ಕಟ್ಟಿದ ಇಂಥ ಘಟಕಗಳಲ್ಲಿ ದೇಶಕ್ಕೇ ಮೊದಲನೆಯದೆಂದು ಹೆಸರಾಯಿತು. ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯ. ಗಟ್ಟಿಯನ್ನು ಒಣಗಿಸಿ ಗೊಬ್ಬರಕ್ಕೆ ಬಳಸುತ್ತಾರೆ. ತಿಳಿಯನ್ನು ಕೊನೆಯ ಹಂತದಲ್ಲಿ ಗಿಡ ನೆಟ್ಟ ಜಲ್ಲಿಪಾತಿಯಲ್ಲಿ ಹಾಯಿಸುತ್ತಾರೆ. ನಾವು ಮಾತಾಡುತ್ತಿರುವ ಜೊಂಡಿನ ಪಾತಿಯ ಸಣ್ಣ ತಂಗಿ ಅದು.

ಅದೇ ಊರಿನ ಸಿಹಿನೀರು ಕೆರೆಯನ್ನು ನೋಡಿ. ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 21 ಕೋಟಿ ಲೀಟರಿನಂತೆ ಬೆಂಗಳೂರು ನಗರ, ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳನ್ನು ತುಂಬಿಸುವ ಯೋಜನೆಯಿದೆ. ಆ ನೀರು ಬಾಗಲೂರು ಕೆರೆಯ ಮೂಲಕ ಸಿಹಿನೀರು ಕೆರೆಗೆ ಬಂತು. ಕೆರೆ ತುಂಬಿ ಅಂತರ್ಜಲ ಏರಿತು. ಕೆರೆಯ ಬಳಿಯ ಹಳೆಯ ತೆರೆದ ಬಾವಿಯನ್ನು ಹೂಳೆತ್ತಿ ಸರಿಪಡಿಸಿ, ಮಣ್ಣಿನ ಪದರಗಳಲ್ಲಿ ಸೋಸಿ ಬಂದ ನೀರನ್ನು ಮತ್ತೆ ಶುದ್ಧೀಕರಿಸಿ ಪಟ್ಟಣಕ್ಕೆ ಕೊಡುವ ವ್ಯವಸ್ಥೆ ಮಾಡಿದರು. ಬತ್ತಿದ ಬಾವಿಯಲ್ಲಿ ನೀರು ಕಂಡ ಸಂತೋಷ ಸಣ್ಣದಲ್ಲ.

ಇದರಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ಕೆರೆಯ ನೀರು ಇಂದು ದೂರದ ವಿಷಯವಲ್ಲ, ಕೆಳಗಿಳಿದು ಬಾವಿಗೆ, ಬಾವಿಯಿಂದ ನಮ್ಮ ನಲ್ಲಿಗೆ ಬರುತ್ತಿದೆ. ಕೋಲಾರ, ಚಿಕ್ಕಬಳ್ಳಾಪುರಗಳ ಜನ ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಬಹಳ ಕಾಲದಿಂದ ಕೇಳುತ್ತಿರುವುದು ಇದಕ್ಕಾಗಿಯೇ. ಜೊಂಡಿನ ಪಾತಿ ಆ ಮೂರನೆಯ ಹಂತಕ್ಕೆ ಪೂರ್ತಿ ಬದಲಿಯಲ್ಲ. ಆದರೆ ಏನೂ ಇಲ್ಲದ ಕೆರೆಬಾಯಿಗಿಂತ ಅದು ಎಷ್ಟೋ ಮೇಲು.

ಜೊಂಡಿಗೂ ಜೀರ್ಣವಾಗದ್ದು

ದೊಡ್ಡಬಳ್ಳಾಪುರದ ಮಾತಿಗೆ ಬರೋಣ. ನಗರದ ಒಳಚರಂಡಿಯ ನೀರು ಮತ್ತು ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ತಮ್ಮ ಕೆರೆಗಳಿಗೆ ಸೇರುತ್ತಿದೆಯೆಂದು ದೊಡ್ಡತುಮಕೂರು ಮತ್ತು ಮಜರಾ ಹೊಸಹಳ್ಳಿ ಗ್ರಾಮ ಪಂಚಾಯಿತಿಗಳ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳ ಹೆಸರು ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಧರಣಿ, ಮನವಿಗಳ ಸುದ್ದಿಯೇ. ಅವರು ಕೇಳಿದ್ದು ಅರಮನೆಯನ್ನಲ್ಲ, ಕುಡಿಯಲು ಒಳ್ಳೆಯ ನೀರನ್ನು.

ಇಂಥ ಕಡೆ ಜೊಂಡು ನೆಟ್ಟರೆ ಸಾಕೇ? ಸಾಲದು. ಸೂಕ್ಷ್ಮಜೀವಿಗಳು ತಿನ್ನುವುದು ಕೊಳೆಯುವ ವಸ್ತುವನ್ನು. ಕಾರ್ಖಾನೆಯ ಆಮ್ಲ ಆ ಜೀವಿಗಳನ್ನೇ ಕೊಲ್ಲುತ್ತದೆ. ಸೀಸ, ಕ್ರೋಮಿಯಂನಂಥ ಲೋಹಗಳು ಎಲ್ಲಿಯೂ ಮಾಯವಾಗುವುದಿಲ್ಲ, ಹೂಳಿನಲ್ಲಿ ಮತ್ತು ಗಿಡದಲ್ಲಿ ಸೇರಿಕೊಳ್ಳುತ್ತವೆ. ಅಂಥ ಜೊಂಡನ್ನು ದನಕ್ಕೆ ಹಾಕಿದರೆ ಹಾಲಿನವರೆಗೂ ಅಪಾಯ ಬರಬಹುದು. ಕರಗಿದ ಉಪ್ಪು ಬಂದ ದಾರಿಯಲ್ಲೇ ಹೊರಟು ಹೋಗುತ್ತದೆ. ಆದ್ದರಿಂದ ಕಾರ್ಖಾನೆಯ ನೀರನ್ನು ಕಾರ್ಖಾನೆಯ ಅಂಗಳದಲ್ಲೇ ಶುದ್ಧೀಕರಿಸಬೇಕು. ಇದು ಕಾನೂನು. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ ಬಂದು ಅರ್ಧ ಶತಮಾನ ಕಳೆಯಿತು. ಜೊಂಡಿನ ಪಾತಿಯನ್ನು ತೋರಿಸಿ ಆ ಹೊಣೆಯಿಂದ ಯಾರೂ ಜಾರಿಕೊಳ್ಳುವಂತಾಗಬಾರದು.

ಈ ಮಾತು ದೊಡ್ಡ ಕಾರ್ಖಾನೆಗಳಿಗೆ ಮಾತ್ರವಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಮ್ಮ ಎಷ್ಟೋ ಮನೆಗಳ ಅನ್ನ. ನೂಲಿಗೆ ಬಣ್ಣ ಹಾಕಿದ ನೀರನ್ನು ಸಂಜೆ ಮೋರಿಗೆ ಬಿಡುವುದು ರೂಢಿಯಾಗಿಬಿಟ್ಟಿದೆ. ಒಂದು ಸಣ್ಣ ಬಣ್ಣದ ಮನೆಗೆ ಸ್ವಂತ ಘಟಕ ಕಟ್ಟುವ ಶಕ್ತಿಯಿರುವುದಿಲ್ಲ ಎಂಬುದು ನಿಜ. ಆದರೆ ಹತ್ತು ಮನೆಯವರು ಕೂಡಿ ಒಂದು ಸಾಮೂಹಿಕ ಘಟಕ ಬೇಕೆಂದು ನಗರಸಭೆಯನ್ನೂ ಕೈಗಾರಿಕಾ ಇಲಾಖೆಯನ್ನೂ ಕೇಳಬಹುದಲ್ಲ? ಅನ್ನ ಕೊಡುವ ಕಸುಬು ನೆರೆಯವರ ನೀರನ್ನು ಕೆಡಿಸಬಾರದು.

ಕುದಿಸಿದರೆ ಸಾಕೇ?

ಮದ್ರಸದ ಮೊದಲ ಪಾಠಗಳಲ್ಲಿಯೇ ನೀರಿನ ಬಣ್ಣ, ವಾಸನೆ, ರುಚಿ ಈ ಮೂರನ್ನು ನೋಡಲು ನಾವು ಕಲಿಯುತ್ತೇವೆ. ಎಷ್ಟು ಸರಳ, ಎಷ್ಟು ಒಳ್ಳೆಯ ಅಳತೆ! ವುಝೂವಿನ ನೀರಿನ ಪ್ರಶ್ನೆಗೆ ಅದು ಸರಿ. ಆದರೆ ಕುಡಿಯುವ ನೀರಿನ ಆರೋಗ್ಯಕ್ಕೆ ಈ ಮೂರು ಮಾತ್ರ ಸಾಲದು ಎಂಬುದನ್ನು ತಾಯಂದಿರು ತಿಳಿದಿರಬೇಕು.

ಕೊಳಚೆ ಇಂಗಿದ ಕಡೆ ಬಾವಿ, ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿಯೂ ಗೊತ್ತಾಗುವುದಿಲ್ಲ. ಒಂದು ಲೀಟರಿನಲ್ಲಿ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಅದು ಮಿತಿ ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ, ಕೆಲವೇ ತಿಂಗಳ ಹಸುಗೂಸಿನ ರಕ್ತಕ್ಕೆ ಪ್ರಾಣವಾಯು ಹೊರುವ ಶಕ್ತಿ ಕುಂದಿ, ತುಟಿ, ಉಗುರು ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ದಟ್ಟವಾಗುತ್ತದೆ! ಹಾಗಾಗಿ ಕೆರೆಯ ಕೆಳಭಾಗದಲ್ಲಿ ಮನೆಯಿದ್ದು ಬೋರ್‌ವೆಲ್ ನೀರು ಕುಡಿಯುವವರು ವರ್ಷಕ್ಕೊಮ್ಮೆಯಾದರೂ ಅದನ್ನು ಪರೀಕ್ಷೆ ಮಾಡಿಸಿ. ಮನೆಯಲ್ಲಿ ಬಾಣಂತಿ, ಹಸುಗೂಸು ಇದ್ದರೆ ತಡಮಾಡಬೇಡಿ.

ಮನೆಯಲ್ಲಿ ನಾವೇನು ಮಾಡಬಹುದು?

ಕೆರೆಯ ಹೊಸ್ತಿಲನ್ನು ಸರಕಾರ ಕಟ್ಟಬೇಕು, ನಿಜ. ಆದರೆ ಅದು ಬಾಳುವುದೋ ಬೀಳುವುದೋ ನಮ್ಮ ಮೋರಿಯಲ್ಲಿಯೂ ಇದೆ.

ರಮಝಾನಿನಲ್ಲಿ ಸಮೋಸ, ಪಕೋಡ ಕರಿದು ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಅದು ನೀರಿನ ಮೇಲೆ ಪೊರೆಗಟ್ಟಿ ಗಾಳಿ ಒಳಗಿಳಿಯದಂತೆ ತಡೆಯುತ್ತದೆ, ಪಾತಿಯ ಜಲ್ಲಿಯನ್ನು ಮೇಣದಂತೆ ಮುಚ್ಚುತ್ತದೆ. ಹಳೆಯ ಕಾಗದಕ್ಕೆ ಒರೆಸಿ ಕಸಕ್ಕೆ ಹಾಕಿ. ಬಚ್ಚಲಿಗೆ ದಿನವೂ ಆಸಿಡ್ ಸುರಿಯುವ ಅಭ್ಯಾಸ ಬಿಡಿ. ಅವಧಿ ಮೀರಿದ ಮಾತ್ರೆ, ಸಿರಪ್ಪುಗಳನ್ನು ಶೌಚಕ್ಕೆ ಹಾಕಬೇಡಿ. ಸೋಪಿನ ಪುಡಿ ಒಂದು ಚಮಚ ಸಾಕಾಗುವಲ್ಲಿ ಮೂರು ಹಾಕಿದರೆ ಬಟ್ಟೆ ಮೂರು ಪಟ್ಟು ಬೆಳ್ಳಗಾಗುವುದಿಲ್ಲ. ಪ್ಯಾಡು, ಡೈಪರುಗಳು ಮೋರಿಗೆ ಬೀಳಲೇಬಾರದು.

ಬಕ್ರೀದಿನ ದಿನ ವಿಶೇಷ ಎಚ್ಚರಿಕೆ ಬೇಕು. ರಕ್ತ, ಕರುಳು, ಲದ್ದಿ ಮೋರಿಗೆ ಹೋದರೆ ಅವು ಕೊಳೆಯುವಾಗ ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನೆಲ್ಲ ಕುಡಿದುಬಿಡುತ್ತವೆ. ಕೆಳಗೆ ಕೆರೆಯಲ್ಲಿ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಕುರ್ಬಾನಿಯ ಪುಣ್ಯದ ಜೊತೆಗೆ ನೆರೆಯವರಿಗೆ ದುರ್ನಾತ ಹಂಚುವುದು ನಮಗೆ ಶೋಭಿಸುವುದೇ? ಆಳವಾದ ಗುಂಡಿ ತೋಡಿ ಹೂಳಿ, ಇಲ್ಲವೇ ಪುರಸಭೆಯ ಗಾಡಿಗೆ ಕಟ್ಟಿಕೊಡಿ. ಓಣಿಯ ಯುವಕರಿಗೆ ಒಂದು ವಾರ ಮೊದಲೇ ಈ ಜವಾಬ್ದಾರಿ ಹಂಚಿ. ನಿಂತ ನೀರನ್ನು ಮಲಿನ ಮಾಡಬಾರದೆಂಬ ಪ್ರವಾದಿ(ಸ)ರ ಆದೇಶ ನಮ್ಮ ಮಕ್ಕಳಿಗೂ ಗೊತ್ತು. ಆ ನಿಂತ ನೀರು ನಮ್ಮ ಊರಿನ ಕೆರೆಯೂ ಹೌದು.

ಇನ್ನೊಂದು ಸಲಹೆ. ಮಸೀದಿ, ಮದ್ರಸಗಳ ವುಝೂವಿನ ನೀರಿನಲ್ಲಿ ಸೋಪಿರುವುದಿಲ್ಲ, ಎಣ್ಣೆಯಿರುವುದಿಲ್ಲ. ಅಷ್ಟು ಒಳ್ಳೆಯ ನೀರನ್ನು ಮೋರಿಗೆ ಬಿಟ್ಟು ಕೊಳಚೆ ಮಾಡುವುದೇಕೆ? ಅಂಗಳದಲ್ಲಿ ಸ್ವಲ್ಪ ಇಳಿಜಾರಾದ ಕಾಲುವೆ ತೋಡಿ, ಜಲ್ಲಿ ತುಂಬಿ, ಕೆಸವು, ಬಜೆ, ಲಾವಂಚ ನೆಟ್ಟು ಅದರೊಳಗೆ ಈ ನೀರನ್ನು ಹಾಯಿಸಬಹುದು. ನೀರು ಜಲ್ಲಿಯ ಮೇಲೆ ನಿಲ್ಲದೆ ಒಳಗೇ ಹರಿಯುವಂತೆ ನೋಡಿಕೊಂಡರೆ ಸೊಳ್ಳೆಗೆ ಅವಕಾಶವಿಲ್ಲ. ಕೊನೆಯಲ್ಲಿ ಎರಡು ಬಾಳೆ, ಒಂದು ನುಗ್ಗೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಯಾವುದು?

ಕೇಳಬೇಕಾದ ಐದು ಪ್ರಶ್ನೆಗಳು

ನಿಮ್ಮ ಊರಿನ ಕೆರೆಗೆ ಅಭಿವೃದ್ಧಿಯ ಹಣ ಬಂದಿದೆಯೆಂದು ಕೇಳಿದ ದಿನ ಸುಮ್ಮನಿರಬೇಡಿ. ಗ್ರಾಮಸಭೆಗೆ, ವಾರ್ಡ್ ಸಭೆಗೆ ನಾಲ್ಕು ಜನ ಹೆಂಗಸರು ಜೊತೆಗೂಡಿ ಹೋಗಿ. ಸ್ವಸಹಾಯ ಸಂಘದ ಸಭೆಗೆ ಹೋಗುವ ನಿಮಗೆ ಇದು ಹೊಸದೇನಲ್ಲ. ಹೋಗಿ ಐದೇ ಪ್ರಶ್ನೆ ಕೇಳಿ.

ಒಂದು, ರಾಜಕಾಲುವೆ ಕೆರೆಗೆ ಸೇರುವ ಬಾಯಲ್ಲಿ ಜಾಲರಿ, ಹೂಳುಗುಂಡಿ, ಜೊಂಡಿನ ಪಾತಿ ಇವೆಯೇ, ಇಲ್ಲ ಏರಿಯ ಮೇಲಿನ ಹಾದಿಗೇ ಹಣ ಮುಗಿಯಿತೇ?

ಎರಡು, ಕಾಲುವೆಗೆ ಸೇರುವ ಹಸಿ ಕೊಳಚೆಯನ್ನು ಎಲ್ಲಿ ತಡೆಯುತ್ತೀರಿ?

ಮೂರು, ಕಾರ್ಖಾನೆ ಮತ್ತು ಬಣ್ಣದ ಮನೆಗಳ ನೀರು ಬೇರೆಯಾಗಿ ಶುದ್ಧವಾಗುತ್ತಿದೆಯೇ?

ನಾಲ್ಕು, ಜೊಂಡನ್ನು ಕೊಯ್ಯುವವರು ಯಾರು, ಹೂಳೆತ್ತುವವರು ಯಾರು, ಪ್ರತಿವರ್ಷ ಅದಕ್ಕೆ ಹಣ ಎಲ್ಲಿಂದ?

ಐದು, ನೀರನ್ನು ಯಾರು ಪರೀಕ್ಷಿಸುತ್ತಾರೆ, ಅದರ ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಹಚ್ಚುತ್ತೀರಾ?

ಈ ಐದಕ್ಕೂ ಉತ್ತರ ಸಿಗುವವರೆಗೆ ಎದ್ದು ಬರಬೇಡಿ. ನೀರು ಕೆಟ್ಟರೆ ದೂರದಿಂದ ಕೊಡ ಹೊರುವವರು ನೀವು, ಟ್ಯಾಂಕರಿಗೆ ಮನೆಖರ್ಚಿನಲ್ಲಿ ಹಣ ಹೊಂದಿಸುವವರು ನೀವು, ಭೇದಿ ಹಿಡಿದ ಮಗುವಿನ ಪಕ್ಕ ರಾತ್ರಿ ಕೂರುವವರೂ ನೀವು. ಹಾಗಿರುವಾಗ ಕೆರೆಯ ಬಗ್ಗೆ ಮಾತಾಡಲು ನಿಮಗಿಂತ ಹೆಚ್ಚಿನ ಹಕ್ಕು ಯಾರಿಗಿದೆ?

ಇಂದು ಮನೆಯ ಮಕ್ಕಳನ್ನು ಕೂರಿಸಿಕೊಂಡು ನಿಮ್ಮ ಮೋರಿಯ ನೀರು ಯಾವ ಕೆರೆಗೆ ಹೋಗುತ್ತದೆಂದು ಕೇಳಿ. ಗೊತ್ತಿಲ್ಲವೆಂದರೆ ಬರುವ ಭಾನುವಾರ ಅವರ ಕೈಹಿಡಿದು ಕಾಲುವೆಯ ದಾರಿಯಲ್ಲೇ ನಡೆದು ಹೋಗಿ ನೋಡಿ ಬನ್ನಿ. ಕೆರೆಯ ಹೆಸರು ಗೊತ್ತಾದ ಮೇಲೆ ಮೋರಿಗೆ ಏನಾದರೂ ಸುರಿಯುವ ಮುನ್ನ ಕೈ ತಾನಾಗಿಯೇ ಒಮ್ಮೆ ತಡೆಯುತ್ತದೆ.